ಡಸ್ಟ್ ಜಾಕೆಟ್‌ನ ಸ್ಥಿತಿ ಗುರುತಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಪುಸ್ತಕ ಕೊಳ್ಳುವವರು, ಮಾರುವವರು, ಮನೆಯ ಕಪಾಟಿನಲ್ಲಿ ಸಿಕ್ಕ ಪ್ರತಿಯ ಬೆಲೆ ಎಷ್ಟಿರಬಹುದು ಎಂದು ತಿಳಿಯಬಯಸುವವರು ಮಾತಿನಲ್ಲಿ ಮತ್ತು ಪತ್ರಗಳಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಹೊಸಬರ ಪ್ರಶ್ನೆಗಳು ಮೊದಲು ಬರುತ್ತವೆ, ಪಳಗಿದವರ ಪ್ರಶ್ನೆಗಳು ಕೊನೆಗೆ.

## ಮೊದಲ ಪರಿಚಯ

ಡಸ್ಟ್ ಜಾಕೆಟ್ ಎಂದರೆ ಪುಸ್ತಕದ ಮುಖಪುಟವೇ ತಾನೇ?

ರಟ್ಟಿನ ಬೈಂಡಿಂಗ್ ಇರುವ ಪುಸ್ತಕಕ್ಕೆ ಹೊರಗಿನಿಂದ ಸುತ್ತಿ, ಎರಡೂ ಅಂಚುಗಳನ್ನು ಒಳಕ್ಕೆ ಮಡಿಸಿದ ಬಿಡಿ ಕಾಗದವೇ ಡಸ್ಟ್ ಜಾಕೆಟ್. ಅದಕ್ಕೆ ಅಂಟಿಲ್ಲ, ಹೊಲಿಗೆಯಿಲ್ಲ. ತೆಗೆದು ಮತ್ತೆ ತೊಡಿಸಬಹುದು. ಮುಂಬದಿ, ಬೆನ್ನು, ಹಿಂಬದಿ ಮತ್ತು ಎರಡು ಒಳಮಡಿಕೆಗಳು ಸೇರಿ ಅದರಲ್ಲಿ ಐದು ಭಾಗಗಳಿವೆ. ಅವುಗಳ ನಡುವೆ ನಾಲ್ಕು ಮಡಿಕೆ ಗೆರೆಗಳು ಬರುತ್ತವೆ. ಇವಲ್ಲದೆ, ಮುದ್ರಣವಿಲ್ಲದ ಒಳಮೈ ಒಂದಿದೆ. ಹೆಚ್ಚಿನವರು ಅದರತ್ತ ಕಣ್ಣೆತ್ತಿಯೂ ನೋಡುವುದಿಲ್ಲ. ಜಾಕೆಟ್‌ನ ನಿಜವಾದ ಚರಿತ್ರೆ ಇರುವುದು ಬಹುಮಟ್ಟಿಗೆ ಅಲ್ಲಿಯೇ.

ಜಾಕೆಟ್ ಇದ್ದರೆ ಒಂದು ಬೆಲೆ, ಇಲ್ಲದಿದ್ದರೆ ಅದರ ಸಣ್ಣ ಪಾಲು. ಒಂದು ಹಾಳೆ ಕಾಗದಕ್ಕೆ ಇಷ್ಟು ಮಹತ್ವ ಯಾಕೆ?

ಎಸೆಯುವುದಕ್ಕೆಂದೇ ಮಾಡಿದ ವಸ್ತು ಉಳಿದುಕೊಂಡಿದೆ ಎಂಬ ಕಾರಣಕ್ಕೆ. 1829ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ಒಂದು ವಾರ್ಷಿಕ ಸಂಚಿಕೆಯ ಹೊದಿಕೆ ಆಕ್ಸ್‌ಫರ್ಡ್‌ನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ. ಈವರೆಗೆ ಸಿಕ್ಕಿರುವ ಅತ್ಯಂತ ಹಳೆಯ ಹೊದಿಕೆಗಳಲ್ಲಿ ಅದೂ ಒಂದು. ಅದು ಇಂದಿನ ಜಾಕೆಟ್‌ನಂತಿರದೆ ಇಡೀ ಪುಸ್ತಕವನ್ನು ಪೊಟ್ಟಣದಂತೆ ಸುತ್ತಿ, ಅರಗಿನಿಂದ ಮುಚ್ಚಿದ ಕಾಗದವಾಗಿತ್ತು. ಪುಸ್ತಕ ತೆರೆಯಬೇಕಾದರೆ ಅದನ್ನು ಹರಿಯಲೇಬೇಕಿತ್ತು. ಒಳಮಡಿಕೆಯ ಜಾಕೆಟ್ ಬಂದ ಮೇಲೂ ಅದು ಅಂಗಡಿಯಿಂದ ಮನೆಯವರೆಗೆ ದೂಳು ತಡೆಯುವ ಕಾಗದವಾಗಿಯೇ ಬಹುಕಾಲ ಉಳಿಯಿತು. ಚಂದದ ಅಲಂಕಾರವೆಲ್ಲ ಬಟ್ಟೆಯ ಬೈಂಡಿಂಗ್ ಮೇಲಿರುತ್ತಿತ್ತು. 1920ರ ದಶಕದ ಹೊತ್ತಿಗೆ ಚಿತ್ರ, ಬಣ್ಣ, ಅಕ್ಷರವಿನ್ಯಾಸ ಎಲ್ಲವೂ ಜಾಕೆಟ್ ಮೇಲೆ ಬಂದವು, ಅಡಿಯ ಬಟ್ಟೆ ಸರಳವಾಯಿತು. ಆದರೂ ಓದುಗರು ಜಾಕೆಟ್ ಬಿಸಾಡುವ ಅಭ್ಯಾಸವನ್ನು ಕೂಡಲೇ ಬಿಡಲಿಲ್ಲ. ಆ ಕಾಲದ ಅನೇಕ ಪುಸ್ತಕಗಳ ಪ್ರತಿಗಳು ಬೇಕಾದಷ್ಟು ಸಿಗುತ್ತವೆ, ಜಾಕೆಟ್ ಸಿಗುವುದು ಅಪರೂಪ. ಬೆಲೆಯ ಅಂತರ ಹುಟ್ಟುವುದು ಇಲ್ಲಿಂದ.

ಒಂದು ಜಾಕೆಟ್ ಕೈಗೆ ಬಂದಾಗ ಯಾವ ಕ್ರಮದಲ್ಲಿ ನೋಡಬೇಕು?

ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ. ಪ್ಲಾಸ್ಟಿಕ್ ಹೊದಿಕೆ ಇದ್ದರೆ ಅದನ್ನು ತೆಗೆಯಿರಿ, ಏಕೆಂದರೆ ಅದರ ಹೊಳಪು ಅರ್ಧ ದೋಷಗಳನ್ನು ಮುಚ್ಚಿಹಾಕುತ್ತದೆ. ಪುಸ್ತಕವನ್ನು ಮೇಜಿನ ಮೇಲಿಟ್ಟು, ರಟ್ಟುಗಳನ್ನು ತೆರೆದು, ಒಳಮಡಿಕೆಗಳನ್ನು ಒಂದೊಂದಾಗಿ ಬಿಡಿಸಿ. ಬೆನ್ನಿನ ತುದಿ ಹಿಡಿದು ಎಳೆಯಲೇಬೇಡಿ. ಮೇಲ್ತುದಿಯ ಅರ್ಧದಷ್ಟು ಮುಕ್ಕುಗಳು ಆಗಿರುವುದು ಹಾಗೆ ಎಳೆದೇ.

ಬಿಡಿಸಿದ ಜಾಕೆಟ್ಟನ್ನು ಸ್ವಚ್ಛವಾದ ಬಿಳಿ ಹಾಳೆಯ ಮೇಲೆ ಹರಡಿ ಮೊದಲು ಹೊರಮೈ ನೋಡಿ, ಆಮೇಲೆ ಮಗುಚಿ ಒಳಮೈ ನೋಡಿ. ಒಳಗಿನಿಂದ ಹಚ್ಚಿದ ಟೇಪ್, ನೀರು ಇಳಿದು ಒಣಗಿದಾಗ ಉಳಿಯುವ ಅಲೆಯಂಥ ಕಂದು ಗೆರೆ, ಅಂಟಿಸಿದ ತೇಪೆ ಎಲ್ಲವೂ ಅಲ್ಲಿ ಕಾಣುತ್ತವೆ. ಬಳಿಕ ಒಂದು ಸಣ್ಣ ಟಾರ್ಚನ್ನು ಕಾಗದದ ಮಟ್ಟಕ್ಕೆ ಇಳಿಸಿ ಓರೆಯಾಗಿ ಬೆಳಕು ಬಿಡಿ. ನೇರ ಬೆಳಕಿನಲ್ಲಿ ನುಣುಪಾಗಿ ಕಂಡ ಮೈಯಲ್ಲಿ ಸುಕ್ಕು, ಒತ್ತಿದ ಗುರುತು, ಇದರ ಮೇಲೆ ಕಾಗದ ಇಟ್ಟು ಯಾರೋ ಬರೆದ ಅಕ್ಷರಗಳ ತಗ್ಗು ಎಲ್ಲ ನೆರಳಾಗಿ ಎದ್ದು ಕಾಣುತ್ತವೆ. ಜಾಕೆಟ್ ತೆಗೆದಿರುವಾಗಲೇ ಪುಸ್ತಕದ ಬಟ್ಟೆಯನ್ನೂ ನೋಡಿಬಿಡಿ. ಅದು ಯಾಕೆ ಮುಖ್ಯ ಎಂಬುದು ಮುಂದೆ ಬರುತ್ತದೆ.

## ಹಾನಿಯ ಬಗೆಗಳು

ಸೀಳು, ಮುಕ್ಕು, ಸವೆತ: ವಿವರಣೆಯಲ್ಲಿ ಇವನ್ನೆಲ್ಲ ಬೇರೆ ಬೇರೆಯಾಗಿ ಬರೆಯುತ್ತಾರೆ. ಅಷ್ಟೊಂದು ವ್ಯತ್ಯಾಸವಿದೆಯೇ?

ಇದೆ. ಸೀಳು ಎಂದರೆ ಕಾಗದ ಹರಿದಿದೆ, ಆದರೆ ಒಂದು ಚೂರೂ ಹೋಗಿಲ್ಲ. ಅಂಚುಗಳನ್ನು ಜೋಡಿಸಿದರೆ ಚಿತ್ರ ಪೂರ್ತಿಯಾಗುತ್ತದೆ. ಮುಕ್ಕು ಎಂದರೆ ಚೂರು ಕಳೆದುಹೋಗಿದೆ, ಅದು ಮತ್ತೆ ಬರುವುದಿಲ್ಲ. ಎರಡು ಸೆಂಟಿಮೀಟರ್ ಉದ್ದದ ಸೀಳಿಗಿಂತ, ಬೆನ್ನಿನ ಮೇಲ್ತುದಿಯಲ್ಲಿ ಶೀರ್ಷಿಕೆಯ ಒಂದು ಅಕ್ಷರವನ್ನು ನುಂಗಿದ ಅರ್ಧ ಸೆಂಟಿಮೀಟರ್ ಮುಕ್ಕು ಹೆಚ್ಚು ಕೆಟ್ಟದ್ದು. ಸವೆತ ಎಂದರೆ ಕಾಗದ ಇದೆ, ಮೇಲಿನ ಶಾಯಿ ಉಜ್ಜಿಹೋಗಿದೆ. ಮಡಿಕೆ ಗೆರೆಗಳಲ್ಲಿ, ಮೂಲೆಗಳಲ್ಲಿ ಬಿಳಿ ಎಳೆಯಂತೆ ಕಾಣುವುದು ಇದೇ. ಕಪ್ಪು ಬಣ್ಣದ, ಹೊಳಪಿಲ್ಲದ ಜಾಕೆಟ್‌ಗಳಲ್ಲಿ ಇದು ಕೂಡಲೇ ಕಣ್ಣಿಗೆ ಹೊಡೆಯುತ್ತದೆ.

ಬರೆಯುವಾಗ ಜಾಗ ಮತ್ತು ಅಳತೆ ಎರಡನ್ನೂ ಕೊಡಿ. ‘ಸ್ವಲ್ಪ ಹರಿದಿದೆ’ ಎಂದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ‘ಮುಂಬದಿಯ ಮೇಲಂಚಿನಲ್ಲಿ 12 ಮಿಲಿಮೀಟರ್ ಸೀಳು, ಕಾಗದ ಕಳೆದಿಲ್ಲ’ ಎಂದರೆ ದೂರದಲ್ಲಿರುವವರಿಗೂ ಚಿತ್ರ ಸಿಗುತ್ತದೆ.

ಬೆನ್ನಿನ ಬಣ್ಣ ಮಾಸಿದೆಯೋ ಅಥವಾ ಮೊದಲೇ ಹಾಗಿತ್ತೋ ಎಂದು ತಿಳಿಯುವುದು ಹೇಗೆ?

ಒಳಮಡಿಕೆಯನ್ನು ನೋಡಿ. ಕಪಾಟಿನಲ್ಲಿ ನಿಂತ ಪುಸ್ತಕದ ಬೆನ್ನು ವರ್ಷಗಟ್ಟಲೆ ಬೆಳಕಿಗೆ ಮೈಯೊಡ್ಡಿರುತ್ತದೆ, ಒಳಮಡಿಕೆ ಕತ್ತಲಲ್ಲಿರುತ್ತದೆ. ಮುಂಬದಿಯ ಹಿನ್ನೆಲೆ ಬಣ್ಣ ಒಳಮಡಿಕೆಗೆ ತುಸು ಹೊರಳಿದ್ದರೆ ಆ ಪಟ್ಟಿಯೇ ಮೂಲ ಬಣ್ಣ. ಅದನ್ನು ಬೆನ್ನಿನ ಪಕ್ಕಕ್ಕೆ ತಂದು ಹಗಲು ಬೆಳಕಿನಲ್ಲಿ ಹೋಲಿಸಿ.

ಎಲ್ಲ ಬಣ್ಣಗಳೂ ಒಂದೇ ವೇಗದಲ್ಲಿ ಮಾಸುವುದಿಲ್ಲ. ಕೆಂಪು ಬೇಗ ಹಾರುತ್ತದೆ, ಕಪ್ಪು ಗಟ್ಟಿಯಾಗಿ ನಿಲ್ಲುತ್ತದೆ. ಹಾಗಾಗಿ ಮಿಶ್ರ ಬಣ್ಣಗಳು ಮಾಸುವುದರ ಜೊತೆಗೆ ಬೇರೆಯೇ ಬಣ್ಣವಾಗಿ ಕಾಣತೊಡಗುತ್ತವೆ. ಕಿತ್ತಳೆ ಬೆನ್ನು ಹಳದಿಗೆ ತಿರುಗಿದ್ದರೆ ಅದರೊಳಗಿನ ಕೆಂಪು ಹೋಗಿದೆ. ಹಸಿರು ನೀಲಿಯಾಗಿದ್ದರೆ ಹಳದಿ ಹೋಗಿದೆ. ಕೆಂಪಕ್ಷರದ ಶೀರ್ಷಿಕೆ ಪೂರ್ತಿ ಅಳಿಸಿಹೋಗಿ, ಪಕ್ಕದ ಕಪ್ಪಕ್ಷರದ ಲೇಖಕರ ಹೆಸರು ಮಾತ್ರ ಉಳಿದ ಬೆನ್ನುಗಳು ಅಪರೂಪವೇನಲ್ಲ. ಹೋದ ಬಣ್ಣವನ್ನು ಯಾವ ಉಪಾಯದಿಂದಲೂ ಮರಳಿ ತರಲಾಗದು. ಸ್ಕೆಚ್ ಪೆನ್ನಿನಿಂದ ತುಂಬಿದರೆ ಅದು ಇನ್ನೊಂದು ಹಾನಿ.

ಕಂದು ಚುಕ್ಕೆಗಳಿವೆ. ಕೊಳೆಯೇ, ಬೂಷ್ಟೇ?

ಚದುರಿದಂತಿರುವ ತುಕ್ಕಿನ ಬಣ್ಣದ ಚುಕ್ಕೆಗಳನ್ನು ಸಂಗ್ರಾಹಕರು ಫಾಕ್ಸಿಂಗ್ ಎನ್ನುತ್ತಾರೆ. ಕಾಗದದಲ್ಲಿನ ಶಿಲೀಂಧ್ರ ಮತ್ತು ಲೋಹದ ಕಣಗಳು, ತೇವದೊಂದಿಗೆ ಸೇರಿ ಇದಕ್ಕೆ ಕಾರಣವಾಗುತ್ತವೆ. ಒಣಗಿದ ಹಳೆಯ ಚುಕ್ಕೆ ಮುಟ್ಟಿದರೆ ಕೈಗೆ ಹತ್ತುವುದಿಲ್ಲ. ನಯವಾದ ರೋಮದಂತೆ ಎದ್ದು ನಿಂತು, ಮುಟ್ಟಿದರೆ ಒರೆಸಿಕೊಂಡು ಹೋಗುವುದು ಜೀವಂತ ಬೂಷ್ಟು. ಅದನ್ನು ಕೂಡಲೇ ಉಳಿದ ಪುಸ್ತಕಗಳಿಂದ ದೂರವಿಟ್ಟು, ಒಣ ಗಾಳಿಯಾಡುವ ಜಾಗದಲ್ಲಿ ಒಣಗಲು ಬಿಡಿ. ಇಡೀ ಕಾಗದ ಒಂದೇ ಸಮನೆ ಕಂದಾಗಿದ್ದರೆ ಅದು ಬೇರೆ ವಿಷಯ: ಅಗ್ಗದ ಮರದ ತಿರುಳಿನ ಕಾಗದ ತನ್ನೊಳಗಿನ ಆಮ್ಲದಿಂದಲೇ ಕಂದಾಗುತ್ತದೆ, ಪೆಡಸಾಗುತ್ತದೆ. ಅಂಥ ಜಾಕೆಟ್‌ಗಳು ಮೊದಲು ಮಡಿಕೆ ಗೆರೆಗಳಲ್ಲಿ ಬಿರಿಯುತ್ತವೆ.

ಜಾಕೆಟ್ ಮೇಲೆ ತೆಳು ಪ್ಲಾಸ್ಟಿಕ್ ಪದರವಿದೆ, ಅದು ಗುಳ್ಳೆಯೇಳುತ್ತಿದೆ. ಇದು ಹಾನಿಯ ಲೆಕ್ಕಕ್ಕೆ ಬರುತ್ತದೆಯೇ?

ಬರುತ್ತದೆ. ಅದು ಮುದ್ರಣದ ಹೊತ್ತಿಗೇ ಹಚ್ಚಿದ ಲ್ಯಾಮಿನೇಶನ್. ಅಂಚುಗಳಲ್ಲಿ, ಮಡಿಕೆಗಳಲ್ಲಿ ಅದು ಕಾಗದವನ್ನು ಬಿಟ್ಟು ಏಳುತ್ತದೆ. ಬೆರಳಿನಿಂದ ಕೆದಕಿದರೆ ಶಾಯಿಯನ್ನೂ ಕಿತ್ತುಕೊಂಡು ಬರುತ್ತದೆ, ಆದ್ದರಿಂದ ಹಾಗೆಯೇ ಬಿಡಿ ಮತ್ತು ವಿವರಣೆಯಲ್ಲಿ ಬರೆಯಿರಿ.

## ದರ್ಜೆ ಕೊಡುವುದು

ಫೈನ್, ವೆರಿ ಗುಡ್, ಗುಡ್ ಎಂಬ ಪದಗಳನ್ನು ಯಾರು ನಿಗದಿ ಮಾಡಿದರು? ನಿಖರವಾದ ಅರ್ಥವೇನು?

1949ರಲ್ಲಿ ‘ಎಬಿ ಬುಕ್‌ಮನ್ಸ್ ವೀಕ್ಲಿ’ ಎಂಬ ಅಮೆರಿಕದ ಪುಸ್ತಕ ವ್ಯಾಪಾರದ ಪತ್ರಿಕೆ ಒಂದು ಪದಪಟ್ಟಿಯನ್ನು ಮುಂದಿಟ್ಟಿತು. ಇಂದಿನ ಬಳಕೆಯ ಬೇರು ಅದೇ. ಆಸ್ ನ್ಯೂ ಎಂದರೆ ಪ್ರಕಟವಾದ ದಿನ ಹೇಗಿತ್ತೋ ಹಾಗೆ, ಒಂದು ಕುಂದೂ ಇಲ್ಲದೆ. ಫೈನ್ ಎಂದರೆ ಅದಕ್ಕೆ ಹತ್ತಿರ, ಹೊಸತನದ ಬಿಗಿ ಮಾತ್ರ ತುಸು ಕಡಿಮೆ. ವೆರಿ ಗುಡ್ ಎಂದರೆ ಬಳಕೆಯ ಸಣ್ಣ ಗುರುತುಗಳಿವೆ. ಗುಡ್ ಎಂದರೆ ಸಾಮಾನ್ಯವಾಗಿ ಬಳಸಿ ಸವೆದ ಪ್ರತಿ. ಫೇರ್ ಮತ್ತು ಪೂರ್ ಅದಕ್ಕಿಂತ ಕೆಳಗಿನವು. ಯಾವ ದರ್ಜೆಯಾದರೂ ಇರುವ ದೋಷವನ್ನು ಬಿಡಿಸಿ ಹೇಳಬೇಕು ಎಂಬುದು ಈ ಪದ್ಧತಿಯ ಜೀವಾಳ. ಫೈನ್ ಮತ್ತು ವೆರಿ ಗುಡ್ ನಡುವೆ ನಿಯರ್ ಫೈನ್ ಎಂಬುದೂ ಬಳಕೆಯಲ್ಲಿದೆ; ಜೊತೆಗೆ ಪ್ಲಸ್, ಮೈನಸ್ ಗುರುತುಗಳನ್ನೂ ಹಾಕುತ್ತಾರೆ.

ಇದನ್ನು ತೀರ್ಪು ನೀಡುವ ನ್ಯಾಯಾಲಯವೇನೂ ಇಲ್ಲ. ಒಬ್ಬರ ವೆರಿ ಗುಡ್ ಇನ್ನೊಬ್ಬರಿಗೆ ಗುಡ್ ಪ್ಲಸ್. ಅದಕ್ಕೇ ನಾನು ದರ್ಜೆಯ ಪದವನ್ನು ಕೊನೆಯಲ್ಲಿ ಓದುತ್ತೇನೆ, ದೋಷಗಳ ವಿವರವನ್ನು ಮೊದಲು ಓದುತ್ತೇನೆ. ವಿವರವೇ ಇಲ್ಲದೆ ಬರಿಯ ‘ಫೈನ್’ ಎಂದಿದ್ದರೆ, ಚಿತ್ರ ತರಿಸಿಕೊಳ್ಳದೆ ಮುಂದುವರಿಯುವುದಿಲ್ಲ.

‘ಗುಡ್’ ಎಂದು ಬರೆದಿದ್ದರು, ಕೈಗೆ ಬಂದದ್ದು ಹರಕು ಜಾಕೆಟ್. ನನಗೆ ಮೋಸವಾಯಿತೇ?

ಬಹುಶಃ ಇಲ್ಲ. ದಿನಬಳಕೆಯಲ್ಲಿ ಚೆನ್ನಾಗಿದೆ ಎಂದು ಅರ್ಥ ಕೊಡುವ ಈ ಪದ, ಪುಸ್ತಕ ವ್ಯಾಪಾರದಲ್ಲಿ ಪಟ್ಟಿಯ ಕೆಳ ಅರ್ಧಕ್ಕೆ ಸೇರಿದ್ದು. ಗುಡ್ ದರ್ಜೆಯ ಜಾಕೆಟ್‌ನಲ್ಲಿ ಸೀಳು, ಮುಕ್ಕು, ಮಾಸಿದ ಬೆನ್ನು ಎಲ್ಲವನ್ನೂ ನಿರೀಕ್ಷಿಸಬಹುದು. ಆದರೆ ಆ ದೋಷಗಳನ್ನು ವಿವರಣೆಯಲ್ಲಿ ಹೇಳದೆ ಬಿಟ್ಟಿದ್ದರೆ ತಪ್ಪು ಮಾರಿದವರದು. ಆಗ ಮರಳಿಸುವ ಬಗ್ಗೆ ನೀವು ಧಾರಾಳವಾಗಿ ಕೇಳಬಹುದು.

ಪುಸ್ತಕ ಹೊಸದರಂತಿದೆ, ಜಾಕೆಟ್ ಮಾತ್ರ ಸವೆದಿದೆ. ಎರಡನ್ನೂ ಸೇರಿಸಿ ಸರಾಸರಿ ದರ್ಜೆ ಕೊಡಬಹುದೇ?

ಸರಾಸರಿ ಬೇಡ. ಎರಡು ದರ್ಜೆಗಳನ್ನು ಓರೆ ಗೆರೆಯಿಂದ ಬೇರ್ಪಡಿಸಿ ಬರೆಯುವುದು ರೂಢಿ: ಮೊದಲನೆಯದು ಪುಸ್ತಕದ್ದು, ಎರಡನೆಯದು ಜಾಕೆಟ್‌ನದು. ‘ಫೈನ್/ಗುಡ್’ ಎಂದರೆ ಪುಸ್ತಕ ಫೈನ್, ಜಾಕೆಟ್ ಗುಡ್. ಓರೆ ಗೆರೆಯ ನಂತರ ಸಣ್ಣ ಅಡ್ಡಗೆರೆಯಿದ್ದರೆ ಜಾಕೆಟ್ ಇಲ್ಲವೆಂದು ತಿಳಿಯಬೇಕು. ಮೂಲದಲ್ಲಿಯೇ ಜಾಕೆಟ್ ಇಲ್ಲದೆ ಪ್ರಕಟವಾದ ಪುಸ್ತಕವಾದರೆ ಅದನ್ನು ಸ್ಪಷ್ಟವಾಗಿ ಬರೆಯುವುದು ಒಳ್ಳೆಯದು. ಇಲ್ಲದಿದ್ದರೆ ಕೊಳ್ಳುವವರು ಕಳೆದುಹೋಗಿದೆ ಎಂದುಕೊಳ್ಳುತ್ತಾರೆ.

ತೊಂಬತ್ತು ವರ್ಷದ ಜಾಕೆಟ್. ವಯಸ್ಸಿಗೆ ತಕ್ಕ ರಿಯಾಯಿತಿ ಕೊಡಬೇಡವೇ?

ಕೊಡಬಾರದು. ‘ಇಷ್ಟು ಹಳೆಯದಾದರೂ ಚೆನ್ನಾಗಿದೆ’ ಎಂಬ ಮಾತು ನನಗೆ ಸ್ವಲ್ಪವೂ ಹಿಡಿಸುವುದಿಲ್ಲ, ಏಕೆಂದರೆ ಅದು ಏನನ್ನೂ ಹೇಳುವುದಿಲ್ಲ. 1930ರ ಜಾಕೆಟ್‌ನ ವೆರಿ ಗುಡ್ ಮತ್ತು 1990ರ ಜಾಕೆಟ್‌ನ ವೆರಿ ಗುಡ್ ಒಂದೇ ಅಳತೆಗೋಲಿನವು. ವಿರಳತೆಗೆ ಸಿಗಬೇಕಾದ ಗೌರವ ಬೆಲೆಯಲ್ಲಿ ಸಿಗುತ್ತದೆ. ಹಳೆಯ ಜಾಕೆಟ್ ಗುಡ್ ದರ್ಜೆಯಲ್ಲಿದ್ದೂ ಹೊಸ ಜಾಕೆಟ್‌ನ ಫೈನ್ ಪ್ರತಿಗಿಂತ ಎಷ್ಟೋ ಪಟ್ಟು ಬೆಲೆಬಾಳಬಹುದು. ಅದಕ್ಕಾಗಿ ದರ್ಜೆಯನ್ನು ಏರಿಸಬೇಕಾಗಿಲ್ಲ.

ಒಳಮಡಿಕೆಯ ಮೂಲೆ ಕತ್ತರಿಸಿದ್ದಾರೆ. ಇದರಿಂದ ಎಷ್ಟು ನಷ್ಟ?

ಅಲ್ಲಿ ಬೆಲೆ ಮುದ್ರಿತವಾಗಿತ್ತು. ಉಡುಗೊರೆ ಕೊಡುವವರು ಬೆಲೆ ಕಾಣದಿರಲೆಂದು ಕತ್ತರಿಸುತ್ತಿದ್ದರು. ಬೆಲೆ ಬದಲಾದಾಗ ಪ್ರಕಾಶಕರೇ ಕತ್ತರಿಸಿ ಹೊಸ ಚೀಟಿ ಅಂಟಿಸಿದ್ದೂ ಉಂಟು. ಎಷ್ಟೇ ಅಂದವಾಗಿ ಕತ್ತರಿಸಿದ್ದರೂ ಅದು ದೋಷವೇ, ಬರೆಯಲೇಬೇಕು.

ನಷ್ಟ ಎಷ್ಟೆಂಬುದು ಆ ಬೆಲೆ ಏನನ್ನು ಸಾಬೀತು ಮಾಡುತ್ತಿತ್ತು ಎಂಬುದರ ಮೇಲೆ ನಿಂತಿದೆ. ಮೊದಲ ಮುದ್ರಣವನ್ನೂ ಮರುಮುದ್ರಣವನ್ನೂ ಜಾಕೆಟ್‌ನ ಬೆಲೆಯಿಂದಲೇ ಬೇರ್ಪಡಿಸಬೇಕಾದ ಪುಸ್ತಕಗಳಿವೆ. ಅಂಥ ಕಡೆ ಮೂಲೆಯೊಂದಿಗೆ ಸಾಕ್ಷಿಯೂ ಹೋಯಿತು. ಇನ್ನೊಂದು ಸೂಕ್ಷ್ಮವಿದೆ. ಅಮೆರಿಕದ ಜಾಕೆಟ್‌ಗಳಲ್ಲಿ ಬೆಲೆ ಸಾಮಾನ್ಯವಾಗಿ ಮುಂದಿನ ಒಳಮಡಿಕೆಯ ಮೇಲ್ಮೂಲೆಯಲ್ಲಿರುತ್ತದೆ, ಬ್ರಿಟನ್ನಿನವುಗಳಲ್ಲಿ ಕೆಳಮೂಲೆಯಲ್ಲಿ. ಅಮೆರಿಕದ ಬುಕ್ ಕ್ಲಬ್ ಪ್ರತಿಗಳಲ್ಲಿ, ಅಂದರೆ ಓದುಗ ಸಂಘಗಳು ತಮ್ಮ ಸದಸ್ಯರಿಗೆಂದು ಹೊರತಂದ ಅಗ್ಗದ ಆವೃತ್ತಿಗಳಲ್ಲಿ, ಬೆಲೆ ಇರುವುದಿಲ್ಲ, ಬದಲಿಗೆ ಅದೇ ಒಳಮಡಿಕೆಯ ಕೆಳಗೆ ಬುಕ್ ಕ್ಲಬ್ ಆವೃತ್ತಿ ಎಂದು ಮುದ್ರಿಸಿರುವುದುಂಟು. ಆದ್ದರಿಂದ ಅಮೆರಿಕದ ಜಾಕೆಟ್‌ನಲ್ಲಿ ಕೆಳಮೂಲೆ ಕತ್ತರಿಸಿದ್ದರೆ ಅನುಮಾನ ಪಡಿ. ಹಿಂದಿನ ರಟ್ಟಿನ ಕೆಳಭಾಗದಲ್ಲಿ ಬಣ್ಣವಿಲ್ಲದೆ ಒತ್ತಿದ ಸಣ್ಣ ಚುಕ್ಕೆಯೋ ಚೌಕವೋ ಇದೆಯೇ ಎಂದು ಬೆರಳಾಡಿಸಿ ನೋಡಿ. ಅದು ಬುಕ್ ಕ್ಲಬ್ ಪ್ರತಿಯ ಗುರುತು.

## ದುರಸ್ತಿ, ಶುಚಿ, ಸಂರಕ್ಷಣೆ

ಸೀಳಿಗೆ ಒಳಗಿನಿಂದ ಸೆಲ್ಲೋಟೇಪ್ ಹಚ್ಚಿದರೆ ತಪ್ಪೇನು? ಹೊರಗೆ ಕಾಣುವುದೇ ಇಲ್ಲವಲ್ಲ.

ಇಂದು ಕಾಣುವುದಿಲ್ಲ. ಅಂಟು ನಿಧಾನವಾಗಿ ಕಾಗದದ ನಾರಿನೊಳಗೆ ಇಳಿಯುತ್ತದೆ, ಹಳದಿಯಾಗುತ್ತದೆ, ಕೊನೆಗೆ ಎದುರು ಬದಿಯಲ್ಲಿ ಎಣ್ಣೆ ಕಲೆಯಂತೆ ಮೂಡುತ್ತದೆ. ಅಷ್ಟರಲ್ಲಿ ಮೇಲಿನ ಪಟ್ಟಿ ಒಣಗಿ ಉದುರಿರುತ್ತದೆ; ಸೀಳು ಹಾಗೆಯೇ ಇದೆ, ಜೊತೆಗೆ ಕಲೆಯೊಂದು ಸೇರಿದೆ. ಮಾಡದಿದ್ದರೆ ಸಾಕು ಎನ್ನುವಂಥ ಕೆಲಸಗಳಲ್ಲಿ ಇದು ಮೊದಲನೆಯದು. ಈಗಾಗಲೇ ಹಚ್ಚಿದ ಟೇಪನ್ನು ಕಿತ್ತರೆ ಕಾಗದದ ಪದರವೂ ಬರುತ್ತದೆ. ಬೆಲೆಬಾಳುವ ಜಾಕೆಟ್ ಆದರೆ ಕಾಗದ ಸಂರಕ್ಷಕರ ಕೈಗೆ ಕೊಡಿ. ಅವರು ಸೀಳಿನ ಹಿಂದೆ ತೆಳುವಾದ ಜಪಾನಿ ಕಾಗದವನ್ನು ಗೋಧಿ ಪಿಷ್ಟದ ಅಂಟಿನಿಂದ ಕೂರಿಸುತ್ತಾರೆ. ಆ ಅಂಟನ್ನು ಬೇಕಾದಾಗ ತೇವ ಕೊಟ್ಟು ಬಿಡಿಸಬಹುದು ಎಂಬುದೇ ಅದರ ಹಿರಿಮೆ. ಸಾಧಾರಣ ಜಾಕೆಟ್‌ನ ಸೀಳಿಗೆ ಏನೂ ಮಾಡದೆ ಪಾರದರ್ಶಕ ಹೊದಿಕೆ ಹಾಕಿದರೆ ಸಾಕು.

ಮನೆಯಲ್ಲೇ ಶುಚಿ ಮಾಡಬಹುದೇ?

ದೂಳನ್ನು ಮೃದುವಾದ ಬ್ರಷ್‌ನಿಂದ ಒಳಗಿನಿಂದ ಹೊರಕ್ಕೆ ಗುಡಿಸಬಹುದು. ಲ್ಯಾಮಿನೇಶನ್ ಇರುವ ಜಾಕೆಟ್‌ನ ಮೇಲ್ಮೈ ಕೊಳೆಯನ್ನು ಒಣ ಬಟ್ಟೆಯಿಂದ ಹಗುರವಾಗಿ ಒರೆಸಬಹುದು. ಲ್ಯಾಮಿನೇಶನ್ ಇಲ್ಲದ ಕಾಗದಕ್ಕೆ ನೀರು ತಾಗಿಸಬೇಡಿ, ರಬ್ಬರಿನಿಂದ ಉಜ್ಜಬೇಡಿ. ಉಜ್ಜಿದ ಜಾಗದ ಹೊಳಪು ಬದಲಾಗಿ ಓರೆ ಬೆಳಕಿನಲ್ಲಿ ಬೇರೆಯಾಗಿ ಕಾಣುತ್ತದೆ. ಇಷ್ಟಕ್ಕೆ ನಿಲ್ಲಿಸಿ.

ಯಾವ ಪ್ಲಾಸ್ಟಿಕ್ ಹೊದಿಕೆ ಹಾಕಬೇಕು, ಎಲ್ಲಿ ಇಡಬೇಕು?

ಮೈಲಾರ್ ಎಂಬ ಹೆಸರಿನಲ್ಲಿ ಪ್ರಸಿದ್ಧವಾದ ಪಾಲಿಯೆಸ್ಟರ್ ಹಾಳೆ ಒಳ್ಳೆಯದು. ಅದು ಕಾಗದದೊಂದಿಗೆ ರಾಸಾಯನಿಕವಾಗಿ ವರ್ತಿಸುವುದಿಲ್ಲ. ಪಾಲಿಪ್ರೊಪಿಲೀನ್ ಕೂಡ ಆಗಬಹುದು. ಪಿವಿಸಿ ಬೇಡವೇ ಬೇಡ. ಅದನ್ನು ಮೆತ್ತಗಾಗಿಸಲು ಸೇರಿಸಿದ ರಾಸಾಯನಿಕಗಳು ಹೊರಬಂದು ಶಾಯಿಯನ್ನು ಹಿಡಿಯುತ್ತವೆ, ಜಾಕೆಟ್ ಅದಕ್ಕೆ ಅಂಟಿಕೊಳ್ಳುತ್ತದೆ. ಹೊದಿಕೆಯನ್ನು ಜಾಕೆಟ್‌ಗಾಗಲಿ ರಟ್ಟಿಗಾಗಲಿ ಅಂಟಿಸಬಾರದು, ಮಡಿಸಿ ಕೂರಿಸಬೇಕು. ಗ್ರಂಥಾಲಯದ ಹಳೆಯ ಪ್ರತಿಗಳಲ್ಲಿ ಜಾಕೆಟ್ ಹಾಳಾಗಿರುವುದು ಹೆಚ್ಚಾಗಿ ಹೀಗೆ ಟೇಪಿನಿಂದ ರಟ್ಟಿಗೆ ಬಿಗಿದದ್ದರಿಂದ.

ನೇರ ಬಿಸಿಲು ಬೀಳದ, ಗಾಳಿಯಾಡುವ ಕಪಾಟು ಸಾಕು. ಸಾಪೇಕ್ಷ ಆರ್ದ್ರತೆ ಶೇ 35ರಿಂದ 50ರ ನಡುವೆ ಇದ್ದರೆ ಉತ್ತಮ. ಶೇ 65 ದಾಟಿ ಹಾಗೆಯೇ ನಿಂತರೆ ಬೂಷ್ಟು ಹಿಡಿಯುತ್ತದೆ. ಪುಸ್ತಕಗಳನ್ನು ತುರುಕಬೇಡಿ. ಬಿಗಿಯಾದ ಸಾಲಿನಿಂದ ಎಳೆದಷ್ಟೂ ಜಾಕೆಟ್‌ಗಳ ಮೈ ಉಜ್ಜುತ್ತದೆ. ಪಾಲಿಯೆಸ್ಟರ್ ಹೊದಿಕೆ ಕೈ ಬೆವರನ್ನೂ ಉಜ್ಜಾಟವನ್ನೂ ತಡೆಯುತ್ತದೆ, ಬೆಳಕನ್ನು ತಡೆಯುವುದಿಲ್ಲ ಎಂಬುದನ್ನು ಹಲವರು ಮರೆಯುತ್ತಾರೆ.

## ಪಳಗಿದವರ ಪ್ರಶ್ನೆಗಳು

ಈ ಜಾಕೆಟ್ ಇದೇ ಪ್ರತಿಯದೋ, ಬೇರೆ ಪ್ರತಿಯಿಂದ ತಂದು ತೊಡಿಸಿದ್ದೋ? ತಿಳಿಯಲು ದಾರಿ ಇದೆಯೇ?

ಜಾಕೆಟ್ ಕಳಚಿ ಪುಸ್ತಕದ ಬಟ್ಟೆಯನ್ನು ಕೇಳಿ, ಅದು ಹೇಳುತ್ತದೆ. ಬೆನ್ನಿನ ಮೇಲ್ತುದಿಯಲ್ಲಿ ಹಳೆಯ ಮುಕ್ಕೊಂದಿದೆ ಎನ್ನಿ. ಆ ಕಿಂಡಿಯಿಂದ ಬೆಳಕು ಬಟ್ಟೆಯ ಮೇಲೆ ಬಿದ್ದು, ಮುಕ್ಕಿನದೇ ಆಕಾರದಲ್ಲಿ ಬಣ್ಣ ಮಾಸಿರಬೇಕು. ಜಾಕೆಟ್ಟನ್ನು ಮತ್ತೆ ತೊಡಿಸಿದಾಗ ಮಾಸಿದ ಕಲೆಯ ಅಂಚು ಮುಕ್ಕಿನ ಅಂಚಿಗೆ ಸರಿಯಾಗಿ ಕೂತರೆ ಇಬ್ಬರೂ ಬಹುಕಾಲದ ಜೊತೆಗಾರರು. ದೊಡ್ಡ ಹಳೆಯ ಮುಕ್ಕಿದ್ದೂ ಬಟ್ಟೆ ಒಂದೇ ಬಣ್ಣದಲ್ಲಿದ್ದರೆ ಮುಕ್ಕು ಈಚಿನದು, ಇಲ್ಲವೇ ಜಾಕೆಟ್ ಈಚೆಗೆ ಬಂದದ್ದು. ಬಟ್ಟೆಯ ಬೆನ್ನು ಪೂರ್ತಿ ಮಾಸಿದ್ದು ಜಾಕೆಟ್‌ನ ಬೆನ್ನು ಮಿರುಗುತ್ತಿದ್ದರೆ, ಆ ಪುಸ್ತಕ ಬಹಳ ವರ್ಷ ಜಾಕೆಟ್ ಇಲ್ಲದೆ ನಿಂತಿತ್ತು.

ಎರಡನೆಯ ಸಾಕ್ಷಿ ರಟ್ಟಿನ ಒಳಗಿದೆ. ಒಳಮಡಿಕೆ ದಶಕಗಟ್ಟಲೆ ಒತ್ತಿಕೊಂಡಿದ್ದ ಜಾಗದಲ್ಲಿ ಅದರ ಆಕಾರದ ನೆರಳು ಉಳಿಯುತ್ತದೆ, ಕೆಲವೊಮ್ಮೆ ಕಡುವಾಗಿ, ಕೆಲವೊಮ್ಮೆ ಸುತ್ತಲಿಗಿಂತ ತಿಳಿಯಾಗಿ. ಆ ನೆರಳಿನ ಅಗಲವನ್ನೂ ಈಗಿನ ಒಳಮಡಿಕೆಯ ಅಗಲವನ್ನೂ ಅಳೆದು ನೋಡಿ.

ಮೂರನೆಯದು ಅಕ್ಷರಗಳಲ್ಲಿದೆ. ಒಳಮಡಿಕೆಯಲ್ಲಿ ಅದೇ ಪುಸ್ತಕಕ್ಕೆ ಬಂದ ಪತ್ರಿಕಾ ವಿಮರ್ಶೆಯ ಸಾಲುಗಳಿದ್ದರೆ, ಹಿಂಬದಿಯ ಜಾಹೀರಾತಿನಲ್ಲಿ ಆಮೇಲೆ ಪ್ರಕಟವಾದ ಪುಸ್ತಕಗಳ ಹೆಸರಿದ್ದರೆ, ಅದು ಬಹುಪಾಲು ಮರುಮುದ್ರಣದ ಜಾಕೆಟ್. ಒಳ್ಳೆಯ ಪುಸ್ತಕಕ್ಕೆ ಅದೇ ಮುದ್ರಣದ ಬೇರೆ ಪ್ರತಿಯ ಜಾಕೆಟ್ ತೊಡಿಸುವುದು ಅಪರಾಧವೇನಲ್ಲ. ತೊಡಿಸಿದ್ದನ್ನು ಹೇಳದಿರುವುದೇ ತಪ್ಪು.

ನಕಲಿ ಜಾಕೆಟ್ ಪತ್ತೆಹಚ್ಚುವುದು ಹೇಗೆ? ಈಗಿನ ಪ್ರತಿಕೃತಿಗಳು ಕಣ್ಣಿಗೆ ಅಸಲಿಯಂತೆಯೇ ಕಾಣುತ್ತವೆ.

ಬರಿಗಣ್ಣಿಗೆ ಹೌದು. ಹತ್ತು ಪಟ್ಟು ಹಿಗ್ಗಿಸುವ ಮಸೂರ ಬಳಸಿ. ಮೊದಲು ಒಳಮಡಿಕೆಯ ಕಪ್ಪಕ್ಷರ ನೋಡಿ. ಹಳೆಯ ಅಚ್ಚುಮೊಳೆಯ ಮುದ್ರಣದಲ್ಲಿ ಅಕ್ಷರದ ಒಡಲು ಏಕಪ್ರಕಾರ ಕಪ್ಪಾಗಿರುತ್ತದೆ, ಅಂಚು ಕತ್ತರಿಸಿದಂತೆ ಸ್ಪಷ್ಟವಾಗಿರುತ್ತದೆ, ಅಂಚಿನುದ್ದಕ್ಕೂ ಶಾಯಿ ತುಸು ಒತ್ತಿ ದಪ್ಪಗಾಗಿರುವುದೂ ಉಂಟು. ಸ್ಕ್ಯಾನ್ ಮಾಡಿ ಮುದ್ರಿಸಿದ ನಕಲಿನಲ್ಲಿ ಅದೇ ಅಕ್ಷರದ ಅಂಚು ಸಣ್ಣ ಬಣ್ಣದ ಚುಕ್ಕೆಗಳಾಗಿ ಒಡೆಯುತ್ತದೆ. ಆಮೇಲೆ ಚಿತ್ರ ನೋಡಿ. ಆಫ್‌ಸೆಟ್ ಮುದ್ರಣದ ಚುಕ್ಕೆಗಳು ಸಾಲಾಗಿ, ಪುಟ್ಟ ಹೂಗಳಂತೆ ಜೋಡಣೆಗೊಂಡಿರುತ್ತವೆ. ಇಂಕ್‌ಜೆಟ್ ಚುಕ್ಕೆಗಳು ಕ್ರಮವಿಲ್ಲದೆ ಚಿಮುಕಿಸಿದಂತಿರುತ್ತವೆ. ಅಸಲಿನ ಚುಕ್ಕೆಗಳ ಮೇಲೆ ನಕಲಿನ ಚುಕ್ಕೆಗಳು ಕೂತು ಅಲೆಅಲೆಯ ವಿನ್ಯಾಸವೊಂದು ಕಂಡರೆ ಅದು ಪ್ರತಿಕೃತಿಯೆಂದು ತಿಳಿಯಿರಿ.

ಕೊನೆಗೆ ಅತಿನೇರಳೆ ಟಾರ್ಚ್. ಕಾಗದವನ್ನು ಬೆಳ್ಳಗೆ ಕಾಣಿಸುವ ರಾಸಾಯನಿಕಗಳು ಬಳಕೆಗೆ ಬಂದದ್ದು ಸುಮಾರು 1950ರ ಹೊತ್ತಿಗೆ. ಅವುಗಳಿರುವ ಕಾಗದ ಆ ಬೆಳಕಿನಲ್ಲಿ ನೀಲಿಬಿಳಿಯಾಗಿ ಹೊಳೆಯುತ್ತದೆ. 1930ರದೆಂದು ಹೇಳುವ ಜಾಕೆಟ್ ಕತ್ತಲಲ್ಲಿ ಹಾಗೆ ಮಿನುಗಿದರೆ ಅದನ್ನು ನಂಬಬೇಡಿ. ಮಿನುಗದಿದ್ದರೆ ಅಸಲಿ ಎಂದೇನೂ ಅರ್ಥವಲ್ಲ. ಆ ರಾಸಾಯನಿಕವಿಲ್ಲದ ಕಾಗದ ಇಂದಿಗೂ ಸಿಗುತ್ತದೆ.

ದುರಸ್ತಿಯಾದ ಜಾಕೆಟ್ ಮತ್ತು ಹರಿದ ಜಾಕೆಟ್ ಎರಡೂ ಎದುರಿಗಿವೆ. ಯಾವುದನ್ನು ಕೊಳ್ಳಲಿ?

ಸ್ಥಿತಿ ಪ್ರಾಮಾಣಿಕವಾಗಿರುವುದನ್ನು. ಹಿಂದಿನಿಂದ ಜಪಾನಿ ಕಾಗದ ಹಚ್ಚಿ ಸೀಳು ನಿಲ್ಲಿಸಿದ್ದರೆ ನನಗೆ ಅಡ್ಡಿಯಿಲ್ಲ. ಕಳೆದುಹೋದ ಭಾಗವನ್ನು ಬೇರೆ ಕಾಗದದಿಂದ ತುಂಬಿ, ಅದರ ಮೇಲೆ ಚಿತ್ರವನ್ನೂ ಅಕ್ಷರವನ್ನೂ ಬರೆದಿದ್ದರೆ ಲೆಕ್ಕವೇ ಬೇರೆ. ಅಲ್ಲಿ ನೀವು ಕೊಳ್ಳುತ್ತಿರುವುದು ಅರ್ಧ ಜಾಕೆಟ್, ಅರ್ಧ ಚಿತ್ರಕಾರನ ಕೈಚಳಕ. ಅಂಥದ್ದನ್ನು ಅತಿನೇರಳೆ ಬೆಳಕಿಗೆ ಹಿಡಿದರೆ ತೇಪೆ, ಅಂಟು, ಹೊಸ ಬಣ್ಣ ಸುತ್ತಲಿನ ಕಾಗದಕ್ಕಿಂತ ಬೇರೆಯಾಗಿ ಕಾಣುತ್ತವೆ. ಕಿಟಕಿಗೆ ಎದುರಾಗಿ ಹಿಡಿದರೆ ದಪ್ಪದ ವ್ಯತ್ಯಾಸವೂ ತಿಳಿಯುತ್ತದೆ. ಹೀಗೆ ಮೇಲೆದ್ದ ಜಾಕೆಟ್‌ಗೆ ಫೈನ್ ದರ್ಜೆ ಕೊಡುವುದನ್ನು ನಾನು ಒಪ್ಪುವುದಿಲ್ಲ. ದುರಸ್ತಿಗೆ ಮುಂಚೆ ಯಾವ ದರ್ಜೆಯಿತ್ತೋ ಅದನ್ನು ಹೇಳಿ, ಏನೇನು ಮಾಡಿದೆ ಎಂದು ಬರೆಯುವುದೇ ಸರಿ.

ಅಂಚು ಕತ್ತರಿಸುವುದು ಇನ್ನೂ ನಯವಾದ ಮೋಸ. ಮೇಲಂಚಿನ ಮುಕ್ಕುಗಳನ್ನು ಅಳಿಸಲು ಇಡೀ ಜಾಕೆಟ್ಟನ್ನು ಒಂದೆರಡು ಮಿಲಿಮೀಟರ್ ಕತ್ತರಿಸಿಬಿಡುತ್ತಾರೆ. ರಟ್ಟಿಗಿಂತ ಜಾಕೆಟ್ ಗಿಡ್ಡವಾಗಿದ್ದರೆ, ಮೇಲಂಚು ಮಾತ್ರ ಹೊಸದಾಗಿ ಬೆಳ್ಳಗಿದ್ದರೆ ಇನ್ನೊಂದು ಪ್ರತಿಯ ಅಳತೆಯೊಂದಿಗೆ ಹೋಲಿಸಿ.

ಜಾಕೆಟ್ ಮೇಲೆ ಪೆನ್ನಿನಿಂದ ತಿದ್ದಿದ್ದಾರೆ. ಇದನ್ನು ದೋಷವೆಂದು ಬರೆಯಬೇಕಲ್ಲವೇ?

ಬರೆಯುವ ಮುನ್ನ ಆ ಪುಸ್ತಕದ ಗ್ರಂಥವಿವರಣೆಯನ್ನು, ಅಂದರೆ ಅದರ ಮುದ್ರಣಗಳ ಗುರುತುಗಳನ್ನು ದಾಖಲಿಸಿದ ಬರಹವನ್ನು, ಓದಿ. 1925ರ ‘ದಿ ಗ್ರೇಟ್ ಗ್ಯಾಟ್ಸ್‌ಬಿ’ಯ ಮೊದಲ ಜಾಕೆಟ್‌ನ ಹಿಂಬದಿಯಲ್ಲಿ ನಾಯಕನ ಹೆಸರಿನ ಮೊದಲ ಅಕ್ಷರ ತಪ್ಪಾಗಿ ಸಣ್ಣಕ್ಷರವಾಗಿ ಅಚ್ಚಾಗಿತ್ತು, ಅದನ್ನು ಕೈಯಿಂದ ದೊಡ್ಡಕ್ಷರವಾಗಿ ತಿದ್ದಿದ ಪ್ರತಿಗಳಿವೆ. 1937ರ ‘ದಿ ಹಾಬಿಟ್’ ಮೊದಲ ಮುದ್ರಣದ ಜಾಕೆಟ್‌ನ ಹಿಂದಿನ ಒಳಮಡಿಕೆಯಲ್ಲಿ ಡಾಡ್ಜ್‌ಸನ್ (ಲೇಖಕ ಲೂಯಿಸ್ ಕ್ಯಾರೊಲ್ ಅವರ ನಿಜನಾಮ) ಎಂಬ ಹೆಸರಿಗೆ ಒಂದು ಅಕ್ಷರ ಹೆಚ್ಚಾಗಿ ಬಿದ್ದಿತ್ತು; ಅದನ್ನೂ ಶಾಯಿಯಿಂದ ಹೊಡೆದುಹಾಕಿದ್ದಾರೆ. ಇವು ಮಾಲೀಕರ ಗೀಚಾಟವಲ್ಲ, ಮೊದಲ ಮುದ್ರಣದ ಜಾಕೆಟ್ ಎಂಬುದಕ್ಕೆ ಆಧಾರಗಳು. ಅಂಥ ಗೆರೆಯನ್ನು ಅಳಿಸಲು ಹೊರಟವರು ಜಾಕೆಟ್‌ನ ಬೆಲೆಯನ್ನೇ ಅಳಿಸುತ್ತಾರೆ.

‘ಗ್ಯಾಟ್ಸ್‌ಬಿ’ ಜಾಕೆಟ್‌ನದು ಇನ್ನೊಂದು ವಿಶೇಷ: ಅದು ಪುಸ್ತಕಕ್ಕಿಂತ ತುಸು ಎತ್ತರವಾಗಿತ್ತು, ಹಾಗಾಗಿ ರಟ್ಟಿನ ಆಸರೆಯಿಲ್ಲದ ತುದಿಗಳು ಬೇಗ ಮುದುಡಿ ಮುಕ್ಕಾದವು. ಆ ಪುಸ್ತಕದ ಪ್ರತಿಯೊಂದರಲ್ಲಿ ತುದಿಗಳು ತೀರಾ ಅಂದವಾಗಿದ್ದರೆ ಸಂತೋಷಪಡುವ ಮೊದಲು ಅಳತೆಪಟ್ಟಿ ಹಿಡಿದು ಎತ್ತರ ನೋಡಿ, ಒಳಮೈಯನ್ನು ಮಗುಚಿ ನೋಡಿ.

ದೂರದಿಂದ ಕೊಳ್ಳುವಾಗ ಮಾರಾಟಗಾರರಿಂದ ಏನೇನು ಕೇಳಬೇಕು?

ಪ್ಲಾಸ್ಟಿಕ್ ಹೊದಿಕೆ ತೆಗೆದು, ಹಗಲು ಬೆಳಕಿನಲ್ಲಿ ತೆಗೆದ ಚಿತ್ರಗಳು ಬೇಕೆಂದು ಹೇಳಿ. ಮುಂಬದಿ, ಬೆನ್ನು, ಹಿಂಬದಿಯನ್ನು ಎಲ್ಲರೂ ಕಳುಹಿಸುತ್ತಾರೆ. ಎರಡೂ ಒಳಮಡಿಕೆಗಳು ಮೂಲೆಗಳ ಸಮೇತ, ಬಿಡಿಸಿ ಹರಡಿದ ಒಳಮೈ, ಬೆನ್ನಿನ ಮೇಲ್ತುದಿ ಮತ್ತು ಕೆಳತುದಿ ಹತ್ತಿರದಿಂದ, ಜಾಕೆಟ್ ಕಳಚಿದ ಪುಸ್ತಕ: ಇವನ್ನು ನೀವೇ ಕೇಳಬೇಕು. ಜೊತೆಗೆ ಮೂರು ಮಾತುಗಳನ್ನು ಬರವಣಿಗೆಯಲ್ಲಿ ಪಡೆಯಿರಿ. ಜಾಕೆಟ್‌ಗೆ ದುರಸ್ತಿಯಾಗಿದೆಯೇ? ಬೇರೆ ಪ್ರತಿಯಿಂದ ಬಂದದ್ದೇ? ಪ್ರತಿಕೃತಿಯೇ? ಹೊಗೆ ಅಥವಾ ಮುಗ್ಗುಲು ವಾಸನೆಯಿದೆಯೇ ಎಂದೂ ಕೇಳಿ, ಅದನ್ನು ಯಾವ ಚಿತ್ರವೂ ತೋರಿಸದು. ವಿಷಯ ಬಲ್ಲ ಮಾರಾಟಗಾರರು ಇಂಥ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ. ಕೇಳದೆಯೇ ಅರ್ಧದಷ್ಟನ್ನು ಮೊದಲೇ ಬರೆದಿರುತ್ತಾರೆ. ಒಳಮೈಯ ಚಿತ್ರ ಕಳುಹಿಸಲು ಹಿಂದೇಟು ಹಾಕುವವರಿಂದ ನಾನು ಕೊಳ್ಳುವುದಿಲ್ಲ.